ಎಣ್ಣೂರಿನ ಹುಡುಗಿ ಮೆಸ್ಸಿನ ಅಡುಗೆಮನೆಗೆ ಬಂದದ್ದು

ಮಕ್ಕಳೇ, ಹೊರಗಿನವರ ಜೊತೆ, ಅದೂ ತಮಿಳಿನಲ್ಲಿ, ಮಾತೆಂದರೆ ನಾನು ಇವತ್ತಿಗೂ ಬಾಗಿಲ ಹಿಂದೆ ಸರಿಯುತ್ತೇನೆ. ತ್ರಿಪ್ಲಿಕೇನಿನ ನಮ್ಮ ಬೀದಿಯ ಮೆಸ್ಸಿಗೆ ವರ್ಷಗಳಿಂದ ಸಾರಿನ ಪುಡಿ ಮಾಡುತ್ತಿದ್ದೆ, ಆದರೆ ಒಯ್ದು ಕೊಡುತ್ತಿದ್ದವನು ನಿಮ್ಮಪ್ಪ. ಅಂಥ ನಾನು ಒಂದು ಬೆಳಿಗ್ಗೆ ಆ ಮೆಸ್ಸಿನ ಯಜಮಾನರ ಮುಂದೆ ಹೋಗಿ ನಿಂತೆ!

ಅದಕ್ಕೆ ಕಾರಣ ನಿಮ್ಮಮ್ಮ. ಊರಿನ ಹೊರಗೆ ಕಡಲ ದಡದ ಎಣ್ಣೂರಿನಲ್ಲಿ ಅವಳು ಪಾಠ ಮಾಡುವ ಸರ್ಕಾರಿ ಶಾಲೆಯ ದೊಡ್ಡ ಮಕ್ಕಳನ್ನು ರಜೆಯಲ್ಲಿ ಎರಡು ವಾರ ನಿಜವಾದ ಕೆಲಸದ ಜಾಗಕ್ಕೆ ಕಳಿಸುತ್ತಿದ್ದರು. ಇಂಟರ್ನ್‌ಶಿಪ್ ಅಂತ ಅದರ ಹೆಸರು. ಕೆಲವರಿಗೆ ಪ್ಯಾರೀಸ್ ಕಾರ್ನರಿನ ಪ್ರಿಂಟಿಂಗ್ ಪ್ರೆಸ್ಸು, ಕೆಲವರಿಗೆ ದೋಣಿಯ ಇಂಜಿನ್ ರಿಪೇರಿ ಸಿಕ್ಕಿತು. ಉಳಿದವಳು ಒಬ್ಬ ಹುಡುಗಿ, ಮೀನುಗಾರರ ಮನೆಯವಳು. ಅಡುಗೆ ಕಾಲೇಜಿನಲ್ಲಿ ಓದಿ ದೊಡ್ಡ ಹೋಟೆಲಿನಲ್ಲಿ ಕೆಲಸ ಮಾಡಬೇಕೆಂದು ಅವಳ ಆಸೆ. ಹೋಟೆಲಿನವರು ಕಾಲೇಜಿನವರೇ ಬೇಕೆಂದರು. ಎಲ್ಲೂ ಜಾಗ ಸಿಗದಿದ್ದರೆ ಓದು ಸಾಕು, ಸೀಗಡಿ ಸುಲಿಯಲು ಬಾ ಎಂದು ಅವಳಮ್ಮ ಹೇಳಿಬಿಟ್ಟಿದ್ದಳು.

"ಅತ್ತೆ, ನಿಮ್ಮ ಪುಡಿ ಮೆಸ್ಸಿನವರೆಗೂ ಹೋಗತ್ತೆ, ನೀವು ಹೋಗಲ್ವಾ?" ಅಂದಳು ನಿಮ್ಮಮ್ಮ.

ಹೋದೆ. ಯಜಮಾನರು ಎದ್ದೇ ನಿಂತರು. "ಪುಡಿ ಮಾಮಿ ನೀವೇನಾ! ವಾಂಗೋ, ವಾಂಗೋ, ಒಳಗೆ ಬನ್ನಿ!" ನಾನು ನೆಲ ನೋಡಿಕೊಂಡೇ ಎಲ್ಲ ಹೇಳಿದೆ. ಅವರು ಒಪ್ಪಿಕೊಂಡರು. ಮನೆಗೆ ಹೇಗೆ ಬಂದೆನೋ, ಕಾಲು ನೆಲದ ಮೇಲಿರಲಿಲ್ಲ.

ಆದರೆ ಮೊದಲ ದಿನ ಮಧ್ಯಾಹ್ನವೇ ಯಜಮಾನರ ಫೋನು. "ಮಾಮಿ, ಆ ಹುಡುಗಿ ನಾಳೆಯಿಂದ ಬೇಡ."

ಹುಡುಗಿ ಕುದಿಯುವ ಸಾರನ್ನು ಅಂಗೈಗೆ ಹಾಕಿಕೊಂಡು ನೆಕ್ಕಿ ನೋಡಿದ್ದಳಂತೆ. ಆ ಮೆಸ್ಸಿನಲ್ಲಿ ದೇವರಿಗೆ ನೈವೇದ್ಯವಾಗುವ ಮುಂಚೆ ಯಾರೂ ರುಚಿ ನೋಡುವಂತಿಲ್ಲ. ಇಡೀ ಕೊಳಗದ ಸಾರು ಪಕ್ಕಕ್ಕಿಟ್ಟು, ಊಟದವರನ್ನು ಕಾಯಿಸಿ, ಹೊಸದಾಗಿ ಮಾಡಬೇಕಾಯಿತು. ನಮ್ಮಂಥ ಮನೆಗಳಲ್ಲಿ ಇದನ್ನು ಯಾರೂ ಬಾಯಿಬಿಟ್ಟು ಹೇಳಿಕೊಡುವುದಿಲ್ಲ, ನೋಡಿ ನೋಡಿಯೇ ಬರುತ್ತದೆ. ಅವಳಿಗೆ ಹೇಗೆ ಗೊತ್ತಾಗಬೇಕು?

ನನಗೆ ಎಲ್ಲಿಂದ ಧೈರ್ಯ ಬಂತೋ. "ಒಂದೇ ದಿನ ಕೊಡಿ, ನಾನೇ ಜೊತೆಗೆ ನಿಲ್ತೀನಿ," ಅಂದುಬಿಟ್ಟೆ.

ಮಾರನೆಯ ದಿನ ಅವಳನ್ನು ಒಲೆಯ ಪಕ್ಕ ನಿಲ್ಲಿಸಿಕೊಂಡೆ. ಅತ್ತು ಅತ್ತು ಅವಳ ಕಣ್ಣು ಊದಿತ್ತು. "ನಾಲಿಗೆ ಬೇಡ, ಕಂದ. ಹಬೆಗೆ ಮೂಗು ಕೊಡು," ಎಂದೆ ನನ್ನ ಮುರುಕು ತಮಿಳಿನಲ್ಲಿ.

ಅವಳು ಥಟ್ಟನೆ ನಕ್ಕು, ಅಜ್ಜಿ ಎನ್ನುವಂತೆ ಪಾಟಿ ಎಂದು ಕರೆದಳು. "ಅಷ್ಟೇನಾ ಪಾಟಿ? ಮೀನು ತಾಜಾನಾ ಅಂತ ನಮ್ಮಮ್ಮ ಮೂಗಲ್ಲೇ ನೋಡೋದು!"

ಅಡುಗೆ ಭಟ್ಟರು ಗೊಣಗಿದರು. "ಮೀನಿನ ಮೂಗಿಗೆ ಸಾರು ಎಲ್ಲಿ ತಿಳಿಯತ್ತೆ?"

ಅವರು ಕೊಳಗ ಇಳಿಸಲು ಬಟ್ಟೆ ಹಿಡಿದಾಗ ಹುಡುಗಿ ಬಗ್ಗಿ ಹಬೆ ಎಳೆದುಕೊಂಡಳು. "ಸಾಮಿ, ಇಳಿಸಬೇಡಿ. ಹುಣಸೆಯ ಹಸಿ ವಾಸನೆ ಇನ್ನೂ ಹೋಗಿಲ್ಲ."

ಭಟ್ಟರು ಅವಳನ್ನು ದುರುಗುಟ್ಟಿ ನೋಡಿ, ತಾವೂ ಬಗ್ಗಿದರು. ಬಟ್ಟೆ ಹೆಗಲಿಗೆ ಹಾಕಿ ಉರಿ ಜಾಸ್ತಿ ಮಾಡಿದರು! ನನಗೆ ಚಪ್ಪಾಳೆ ತಟ್ಟಬೇಕೆನಿಸಿ, ಸೆರಗಿನೊಳಗೆ ಕೈ ಬಿಗಿಹಿಡಿದುಕೊಂಡೆ.

ನೈವೇದ್ಯವಾದ ಮೇಲೆ ಅವರೇ ಅವಳ ಅಂಗೈಗೆ ಸಾರು ಬಿಟ್ಟರು. "ಈಗ ಕುಡಿ. ನಾಳೆ ತಡ ಮಾಡಬೇಡ, ಕೂಟು ಕಲಿಸ್ತೀನಿ."

ಆ ಖುಷಿ ನನ್ನ ಹೊಟ್ಟೆಯಲ್ಲಿ ನಿಲ್ಲಲಿಲ್ಲ. ದಾರಿಯಲ್ಲಿ ಸಿಕ್ಕ ತರಕಾರಿಯವನಿಗೂ ಹೇಳಿದೆ. "ಪಾಟಿ, ನಿಮಗೆ ಮಾತು ಬರತ್ತಾ!" ಅಂದ ಅವನು.

ಎರಡು ವಾರ ಮುಗಿದ ದಿನ ಹುಡುಗಿಯ ಅಮ್ಮನನ್ನು ಮೆಸ್ಸಿಗೆ ಊಟಕ್ಕೆ ಕರೆದಿದ್ದರು. ಅವತ್ತಿನ ಸಾರು ಮಗಳದ್ದೇ. ನಾನೂ ನಿಮ್ಮಮ್ಮನೂ ಎದುರಿಗೆ ಕೂತು ನೋಡುತ್ತಿದ್ದೆವು. ಆಕೆ ಕಲಸಿದ ತುತ್ತನ್ನು ಮೊದಲು ಮೂಗಿನ ಹತ್ತಿರ ಹಿಡಿದಳು, ಆಮೇಲೆ ಬಾಯಿಗಿಟ್ಟಳು. ಎಲೆ ಖಾಲಿಯಾಗುವವರೆಗೆ ತಲೆ ಎತ್ತಲಿಲ್ಲ. ಕೈ ತೊಳೆದು ಬಂದವಳು ನಿಮ್ಮಮ್ಮನ ಪಕ್ಕ ಬಂದು ಕೂತಳು.

"ಟೀಚರ್, ಆ ಅಡುಗೆ ಕಾಲೇಜು ಎಲ್ಲಿದೆ? ಯಾವ ಬಸ್ಸು ಹೋಗತ್ತೆ?"