ಅವರ ಕೈಯ ಎತ್ತರಕ್ಕೆ ಒಂದು ಪೆಟ್ಟಿಗೆ

ನನ್ನ ಗಂಡ ವಿಮಾನ ಹಾರಿಸುತ್ತಾರೆ ಎಂದರೆ ಹೊಸಬರು ನನ್ನ ಮುಖ ನೋಡುತ್ತಾರೆ. ಜನ ಕೂರುವ ವಿಮಾನವಲ್ಲ. ಎರಡು ಮೊಳ ಅಗಲದ ರೆಕ್ಕೆಯ, ರಿಮೋಟಿನಿಂದ ಹಾರುವ ಸಣ್ಣ ವಿಮಾನ. ಅದನ್ನು ಅವರೇ ಥರ್ಮೊಕೋಲ್, ತೆಳು ಮರ, ಅಂಟು ಸೇರಿಸಿ ಮಾಡುತ್ತಾರೆ. ಕೊಟ್ಟಿಗೆಹಾರದ ಹತ್ತಿರದ ಒಂದು ಕಾಫಿ ಎಸ್ಟೇಟಿನಲ್ಲಿ ಅವರು ಎಲೆಕ್ಟ್ರಿಷಿಯನ್ ಆಗಿದ್ದರು. ಪಂಪ್‌ಸೆಟ್ಟು, ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರಿನ ಮೋಟಾರು, ಬಂಗಲೆಯ ದೀಪಗಳು, ಎಲ್ಲ ಅವರ ಕೈಯಲ್ಲೇ ಇದ್ದವು. ಒಮ್ಮೆ ಫೋನಿನಲ್ಲಿ ಯಾರೋ ಇಂಥ ವಿಮಾನ ಹಾರಿಸುವುದನ್ನು ನೋಡಿದವರು, ಮೂರು ತಿಂಗಳಲ್ಲಿ ತಾವೂ ಒಂದು ಮಾಡಿದರು. ಕೊಯ್ಲಿಗೆ ಮುಂಚೆ ಕಾಫಿ ಒಣಗಿಸುವ ಸಿಮೆಂಟಿನ ಕಣ ಖಾಲಿ ಇರುತ್ತಿತ್ತು. ಭಾನುವಾರ ಬೆಳಿಗ್ಗೆ ಅದೇ ಅವರ ರನ್‌ವೇ.

ನಾನು ಬಟ್ಟೆ ಹೊಲಿಯುವವಳು. ಅವರು ಕೆಲಸ ಬಿಟ್ಟ ಮೇಲೆ ನಾವು ಕಳಸಕ್ಕೆ ಬಂದೆವು. ಪೇಟೆಯಲ್ಲಿ ಮುಂದೆ ನನ್ನ ಹೊಲಿಗೆ ಮೆಷಿನ್ನು, ಹಿಂದೆ ಎರಡು ಕೋಣೆಯ ಮನೆ. ಇಲ್ಲಿ ಕಣವಿರಲಿಲ್ಲ. ಆದರೆ ಸಂಸೆಯಲ್ಲಿ ಗದ್ದೆ ಇರುವ ಒಬ್ಬರ ಪಂಪನ್ನು ಇವರು ರಿಪೇರಿ ಮಾಡಿಕೊಟ್ಟಿದ್ದರು. ಭತ್ತದ ಕೊಯ್ಲು ಮುಗಿದ ಮೇಲೆ ಗದ್ದೆಯಲ್ಲಿ ಎಷ್ಟು ಬೇಕಾದರೂ ಹಾರಿಸಿ ಎಂದು ಗದ್ದೆಯವರು ಹೇಳಿದ್ದರು. ಹಾಗಾಗಿ ಜನವರಿ ಬಂತೆಂದರೆ ನನ್ನ ಗಂಡ ಭಾನುವಾರ ಬೆಳಿಗ್ಗೆ ಒಂದು ಕೈಯಲ್ಲಿ ವಿಮಾನ, ಇನ್ನೊಂದು ಕೈಯಲ್ಲಿ ಸಾಮಾನಿನ ಪ್ಲಾಸ್ಟಿಕ್ ಚೀಲ ಹಿಡಿದು ಸಂಸೆಯ ಬಸ್ಸಿಗೆ ಕಾಯುತ್ತಿದ್ದರು. ಆ ಚೀಲದಲ್ಲಿ ಸ್ಕ್ರೂಡ್ರೈವರ್, ಟೇಪು, ಬ್ಯಾಟರಿ, ಎರಡು ಹೆಚ್ಚಿನ ಪ್ರೊಪೆಲರ್, ನನ್ನ ಅಡುಗೆಮನೆಯ ರಬ್ಬರ್ ಬ್ಯಾಂಡುಗಳು ಎಲ್ಲ ಒಂದರ ಮೇಲೊಂದು ಬಿದ್ದಿರುತ್ತಿದ್ದವು.

ಕೈ ನಡುಗಲು ಶುರುವಾದದ್ದು ಯಾವಾಗ ಎಂದು ನನಗೆ ಗೊತ್ತಿಲ್ಲ. ಗೊತ್ತಾದದ್ದು ಅಂಗಿಯ ಗುಂಡಿಯಿಂದ. ಅವರು ಮೇಲಿನ ಗುಂಡಿ ಹಾಕುವುದನ್ನು ಬಿಟ್ಟಿದ್ದರು. ಸೆಖೆ ಎಂದರು. ಚಳಿಗಾಲದಲ್ಲೂ ಸೆಖೆ ಎಂದಾಗ ನಾನು ಕೈ ಹಿಡಿದು ನೋಡಿದೆ. ಚಿಕ್ಕಮಗಳೂರಿನ ಡಾಕ್ಟರು ಬರೆಸಿ ನೋಡಿದರು, ನಡೆಸಿ ನೋಡಿದರು, ನೀರಿನ ಲೋಟ ಹಿಡಿಸಿ ನೋಡಿದರು. ದೊಡ್ಡ ಕಾಯಿಲೆ ಅಲ್ಲ, ಕೆಲವರಿಗೆ ವಯಸ್ಸಾದಂತೆ ಹೀಗಾಗುತ್ತದೆ, ಮಾತ್ರೆಯಿಂದ ಸ್ವಲ್ಪ ಕಡಿಮೆಯಾಗಬಹುದು ಎಂದರು. ಬಸ್ಸಿನಲ್ಲಿ ವಾಪಸ್ ಬರುವಾಗ ನನ್ನ ಗಂಡ ಎರಡೂ ಕೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡು ಕೂತಿದ್ದರು.

ಅದಾದ ಮೇಲಿನ ಭಾನುವಾರ ನಾನೂ ಸಂಸೆಗೆ ಹೋದೆ. ಪ್ರೊಪೆಲರ್ ಕೂರಿಸುವ ಸಣ್ಣ ನಟ್ಟು ಅವರ ಬೆರಳಿನಿಂದ ಜಾರಿ ಭತ್ತದ ಕೂಳೆಯೊಳಗೆ ಬಿತ್ತು. ಇಬ್ಬರೂ ಮಂಡಿಯೂರಿ ಹುಡುಕಿದೆವು. ಸಿಕ್ಕಿತು, ಮತ್ತೆ ಬಿತ್ತು. ಕೊನೆಗೆ ನಾನೇ ತಿರುಗಿಸಿ ಕೂರಿಸಿದೆ. ವಿಮಾನ ಏರಿತು. ಆದರೆ ರಿಮೋಟಿನ ಕಡ್ಡಿಗಳ ಮೇಲಿದ್ದ ಅವರ ಹೆಬ್ಬೆರಳು ನಿಲ್ಲುತ್ತಿರಲಿಲ್ಲ. ಕೈ ನಡುಗಿದ ಹಾಗೆಲ್ಲ ಆಕಾಶದಲ್ಲಿ ರೆಕ್ಕೆಯೂ ಅತ್ತ ಇತ್ತ ವಾಲುತ್ತಿತ್ತು. ಗದ್ದೆಯಂಚಿನ ಸಿಲ್ವರ್ ಓಕ್ ಮರಕ್ಕೆ ಬಡಿದು ಕೆಳಗೆ ಬಿತ್ತು.

ಅವರು ಚೂರುಗಳನ್ನು ಆರಿಸಿಕೊಂಡು ಚೀಲಕ್ಕೆ ಹಾಕಿದರು.

"ಸಾಕು ಇನ್ನು" ಎಂದರು. "ಯಾರ ತಲೆ ಮೇಲಾದ್ರೂ ಬಿದ್ರೆ ಕಷ್ಟ."

ಮನೆಗೆ ಬಂದು ಉಳಿದ ಒಂದು ವಿಮಾನವನ್ನೂ ರಿಮೋಟನ್ನೂ ಸಾಮಾನಿನ ಚೀಲವನ್ನೂ ಅಟ್ಟಕ್ಕೆ ಏರಿಸಿದರು. ಜಗಳ ಮಾಡಲಿಲ್ಲ, ಬೇಸರ ಹೇಳಿಕೊಳ್ಳಲಿಲ್ಲ. ಭಾನುವಾರ ಎಂಟು ಗಂಟೆಗೆ ಸಂಸೆಯ ಬಸ್ಸು ಹೊರಡುವ ಹೊತ್ತಿಗೆ ಹಿತ್ತಿಲಿಗೆ ಹೋಗಿ ನಿಲ್ಲುತ್ತಿದ್ದರು, ಅಷ್ಟೆ. ಅದನ್ನು ನನಗೆ ಸಹಿಸಲಾಗಲಿಲ್ಲ.

ಒಂದು ದಿನ ನನ್ನ ಮೆಷಿನ್ನಿನ ಪಕ್ಕ ಕೂತು ಅವರು ಕಾಫಿ ಕುಡಿಯುತ್ತಿದ್ದರು. ಎರಡೂ ಮುಂಗೈ ಮೆಷಿನ್ನಿನ ಹಲಗೆಯ ಮೇಲಿದ್ದವು. ಬಸಿಯಲ್ಲಿ ಒಂದು ತೊಟ್ಟೂ ಚೆಲ್ಲಿರಲಿಲ್ಲ. ಮರುದಿನ ನಾನು ಬೇಕೆಂದೇ ಕಾಫಿಯನ್ನು ಅಡುಗೆಕಟ್ಟೆಯ ಮೇಲೆ ಇಟ್ಟೆ. ನಿಂತು ಕುಡಿದರು, ಬಸಿ ತುಂಬ ಕಾಫಿ. ಅದರ ಮರುದಿನ ಮೆಟ್ಟಿಲ ಮೇಲೆ ಕೂರಿಸಿದೆ. ಆಮೇಲೆ ಊಟದ ಮೇಜು, ಅದು ಮೆಷಿನ್ನಿಗಿಂತ ಎತ್ತರ. ಎರಡು ಕಡೆಯೂ ಚೆಲ್ಲಿತು. ನಾಲ್ಕನೇ ದಿನ ಅವರಿಗೆ ಅನುಮಾನ ಬಂತು.

"ಎಂತ ಮಾರಾಯ್ತಿ, ದಿನಾ ಒಂದೊಂದು ಕಡೆ ಕೂರಿಸ್ತೀಯಲ್ಲ, ಕಾಫಿಗೆ ವಾಸ್ತು ನೋಡ್ತಿದೀಯಾ?"

"ಎಲ್ಲಿ ಬೆಳಕು ಚೆನ್ನಾಗಿದೆ ಅಂತ ನೋಡ್ತಿದೀನಿ" ಎಂದೆ.

ಕೂತಿರಬೇಕು, ಮುಂಗೈಗೆ ಆಸರೆ ಸಿಗಬೇಕು, ಎತ್ತರ ನನ್ನ ಮೆಷಿನ್ನಿನ ಹಲಗೆಯಷ್ಟೇ ಇರಬೇಕು. ಇಷ್ಟು ತಿಳಿಯಿತು. ಟೇಪು ಹಿಡಿದು ಅಳೆದು, ಬ್ಲೌಸಿನ ಅಳತೆ ಬರೆಯುವ ಪುಸ್ತಕದಲ್ಲಿ ಅವರ ಹೆಸರಿಗೆ ಒಂದು ಪುಟ ಮಾಡಿದೆ. ನನ್ನ ಪುಸ್ತಕದಲ್ಲಿ ಗಂಡಸರ ಅಳತೆ ಅದೊಂದೇ.

ಮೈದಾನಕ್ಕೆ ಸಾಮಾನು ಒಯ್ಯಲು ಹಾರಿಸುವವರು ಒಂದು ಪೆಟ್ಟಿಗೆ ಇಟ್ಟುಕೊಳ್ಳುತ್ತಾರೆ, ಅದಕ್ಕೆ ಫೀಲ್ಡ್ ಬಾಕ್ಸ್ ಅನ್ನುತ್ತಾರೆ ಎಂದು ಅವರೇ ಹಿಂದೊಮ್ಮೆ ಫೋನಿನಲ್ಲಿ ತೋರಿಸಿದ್ದರು. ನಾನು ಮೊದಲು ಮೂಡಿಗೆರೆಯ ಹಾರ್ಡ್‌ವೇರ್ ಅಂಗಡಿಯಲ್ಲಿ ಪ್ಲಾಸ್ಟಿಕ್ಕಿನ ಟೂಲ್ ಬಾಕ್ಸುಗಳನ್ನು ನೋಡಿದೆ. ಸಾಮಾನು ಹಿಡಿಯುತ್ತಿತ್ತು, ಆದರೆ ನೆಲದ ಮೇಲೆ ಕೂರುವ ಪೆಟ್ಟಿಗೆ. ಬಗ್ಗಿ ಹುಡುಕುವ ಕಷ್ಟ ತಪ್ಪುತ್ತಿರಲಿಲ್ಲ, ಕೈಗೆ ಆಸರೆಯೂ ಇಲ್ಲ. ಫೋನಿನಲ್ಲಿ ಮಾರಾಟಕ್ಕಿದ್ದ ಮರದ ಪೆಟ್ಟಿಗೆಗಳು ಚೆಂದವಿದ್ದವು. ಅವೂ ಕೈ ಗಟ್ಟಿ ಇರುವವರಿಗಾಗಿ ಮಾಡಿದಂಥವು.

ಕೊನೆಗೆ ಒಂದು ಶುಕ್ರವಾರ ಕೊಟ್ಟಿಗೆಹಾರಕ್ಕೆ ಹೋದೆ. ಎಸ್ಟೇಟಿನ ಬಾಗಿಲು ಕಿಟಕಿಗಳನ್ನೆಲ್ಲ ಮಾಡಿದ ಬಡಗಿಯೊಬ್ಬರು ಅಲ್ಲಿದ್ದಾರೆ. ಯಂತ್ರಕ್ಕೆ ಸಿಕ್ಕಿ ಅವರ ಎಡಗೈಯ ಒಂದು ಬೆರಳು ಅರ್ಧ ಹೋಗಿದೆ. ಅವರು ಮಸೀದಿಯಿಂದ ನಮಾಜು ಮುಗಿಸಿ ಬರುವವರೆಗೂ ಅಂಗಡಿಯ ಮರದ ಹೊಟ್ಟಿನ ಮಧ್ಯೆ ಕಾದೆ.

"ಹಲಸಿನ ಮರದಲ್ಲಿ ಮಾಡ್ಕೊಡ್ತೇನೆ ಅಕ್ಕ, ನಿಮ್ಮ ಮೊಮ್ಮಕ್ಕಳ ಕಾಲಕ್ಕೂ ಆಗ್ತದೆ" ಎಂದರು.

"ಹಲಸು ಬೇಡ. ಬಸ್ಸಿಗೆ ಹತ್ತಿಸಬೇಕು. ಹಗುರ ಇರಬೇಕು."

"ಹಾಗಾದ್ರೆ ಪ್ಲೈವುಡ್ಡು. ಕಾಲು ಮಡಚೋ ಹಾಗೆ ಮಾಡುವ." ಅಳತೆಯ ಚೀಟಿ ನೋಡಿದರು. "ಪೆಟ್ಟಿಗೆಗೆ ಇಷ್ಟು ಎತ್ತರ ಎಂತಕ್ಕೆ?"

ನಾನು ಹೇಳಿದೆ. ಗುಂಡಿ, ನಟ್ಟು, ಸಿಲ್ವರ್ ಓಕ್ ಮರ, ಅಟ್ಟ, ಎಲ್ಲ. ಅವರು ಅಯ್ಯೋ ಪಾಪ ಎನ್ನಲಿಲ್ಲ. ಪೆನ್ಸಿಲನ್ನು ಕಿವಿಯ ಹಿಂದಿನಿಂದ ತೆಗೆದು ಚೀಟಿಯಲ್ಲಿ ಒಂದು ಗೆರೆ ಎಳೆದರು.

"ಹಾಗಾದ್ರೆ ಹಲಗೆಯ ಅಂಚು ಚೂಪಾಗಿರಬಾರದು. ಮುಂಗೈಗೆ ಒತ್ತುತ್ತದೆ. ದುಂಡು ಮಾಡ್ತೇನೆ" ಎಂದರು.

ಹದಿನೈದು ದಿನಕ್ಕೆ ಪೆಟ್ಟಿಗೆ ಬಂತು. ಮಡಚುವ ನಾಲ್ಕು ಕಾಲು. ಮೇಲೆ ರಿಮೋಟ್ ಇಡುವ ತಟ್ಟೆ, ಅದರ ಎರಡೂ ಬದಿ ಮುಂಗೈ ಊರಲು ಜಾಗ. ಪಕ್ಕದಲ್ಲಿ ವಿಮಾನವನ್ನು ಒರಗಿಸಲು ಎರಡು ಕವೆ. ಆ ಕವೆಗಳಿಗೆ ನಾನು ಹಳೆಯ ಹವಾಯಿ ಚಪ್ಪಲಿಯ ರಬ್ಬರ್ ಕತ್ತರಿಸಿ ಅಂಟಿಸಿದೆ. ನಟ್ಟು ಜಾರದಿರಲೆಂದು ಕೆಟ್ಟ ಸ್ಪೀಕರಿನ ಅಯಸ್ಕಾಂತವನ್ನು ಮುಚ್ಚಳಕ್ಕೆ ಕೂರಿಸಿದೆ. ಒಳಗೆಲ್ಲ ಯಾರದೋ ಮದುವೆ ಬ್ಲೌಸಿನಲ್ಲಿ ಉಳಿದ ಮೆರೂನ್ ವೆಲ್ವೆಟ್ಟು ಹೊಲಿದು ಹಾಸಿದೆ. ಒಂದೊಂದು ಸಾಮಾನಿಗೂ ಒಂದೊಂದು ಜೇಬು.

ಮಧ್ಯಾಹ್ನ ಊಟವಾದ ಮೇಲೆ, ಕೊಟ್ಟಿಗೆಹಾರದ ಬಡಗಿ ಮಾಡಿದ್ದು ಎಂದು ಅವರ ಮುಂದೆ ಇಟ್ಟೆ. ಅವರು ಕಾಲು ಬಿಡಿಸಿ ನೋಡಿದರು, ಕವೆ ಮುಟ್ಟಿದರು. ದುಂಡು ಅಂಚಿನ ಮೇಲೆ ಕೈ ಬಂದಾಗ ಅಲ್ಲೇ ತಡೆದರು. ಯಾಕೆ ಹಾಗಿದೆ ಎಂದು ಅವರಿಗೆ ಅರ್ಥವಾಯಿತು.

"ಅವನಿಗೆ ಹೇಳಿದ್ಯಾ?"

"ಹೇಳದೆ ಎತ್ತರ ಹೆಂಗೆ ಕೊಡಲಿ?"

"ಎಸ್ಟೇಟಲ್ಲಿ ಅವನ ಮುಂದೆ ಹನ್ನೊಂದು ಸಾವಿರ ವೋಲ್ಟ್ ಲೈನಿನ ಕೆಳಗೆ ಕೆಲಸ ಮಾಡಿದವ ನಾನು. ಈಗ ನನ್ನ ಕೈ ಹಿಂಗಾಗಿದೆ ಅಂತ ನೀನೇ ಹೋಗಿ ಹೇಳಿ ಬಂದ್ಯಾ?"

ಅವರು ಎದ್ದು ಹಿತ್ತಿಲಿಗೆ ಹೋದರು. ನನಗೆ ಅಳು ಬಂತು. ತಪ್ಪು ನನ್ನದೂ ಇತ್ತು. ಪೆಟ್ಟಿಗೆ ಮಾಡಿಸುವ ಉತ್ಸಾಹದಲ್ಲಿ ಅವರನ್ನು ಒಂದು ಮಾತು ಕೇಳಿರಲಿಲ್ಲ. ಸಂಜೆ ಅದನ್ನೇ ಹೇಳಿದೆ. "ಕೇಳಬೇಕಿತ್ತು. ಕೇಳಿದ್ರೆ ಬೇಡ ಅಂತಿದ್ರಿ ಅಂತ ಕೇಳಲಿಲ್ಲ." ಬಡಗಿ ಆಡಿದ ಮಾತನ್ನೂ ಹೇಳಿದೆ. ಅವರು ಪಾಪ ಅನ್ನಲಿಲ್ಲ, ಅಂಚಿನ ವಿಷಯ ಮಾತ್ರ ಆಡಿದರು ಎಂದೆ. ನನ್ನ ಗಂಡ ಕೇಳಿಸಿಕೊಂಡರು. ಪೆಟ್ಟಿಗೆ ಐದಾರು ದಿನ ಗೋಡೆಗೆ ಒರಗಿಕೊಂಡೇ ಇತ್ತು. ನಾನು ಅದರ ಮೇಲೆ ಬಟ್ಟೆ ಮಡಚಿಡಲಿಲ್ಲ, ಅಲ್ಲಿಂದ ಸರಿಸಲೂ ಇಲ್ಲ.

ಒಂದು ಬೆಳಿಗ್ಗೆ ನಾನು ಹೊಲಿಯುತ್ತಿದ್ದಾಗ ಒಳಗಿನಿಂದ ಅವರ ಗಟ್ಟಿ ದನಿ ಕೇಳಿಸಿತು.

"ಏ, ಇಲ್ಲಿ ಬಾ. ಈ ಬ್ಯಾಟರಿನ ಇಲ್ಲಿಟ್ಟವರು ಯಾರು?"

ಪೆಟ್ಟಿಗೆ ತೆರೆದಿತ್ತು. ಅಟ್ಟದಿಂದ ಇಳಿಸಿದ ಬ್ಯಾಟರಿಗಳನ್ನು ನಾನು ಸ್ಕ್ರೂಡ್ರೈವರುಗಳ ಪಕ್ಕದ ಜೇಬಿನಲ್ಲಿ ಇಟ್ಟಿದ್ದೆ. ಉದ್ದ ಒಂದೇ ಇತ್ತು, ನೋಡಲು ಚೆಂದವಿತ್ತು.

"ಇದರ ಎರಡು ತುದಿಗೆ ಒಂದು ಕಬ್ಬಿಣ ತಾಗಿದ್ರೆ ಸಾಕು, ಬೆಂಕಿ. ನಿನ್ನ ವೆಲ್ವೆಟ್ಟು, ಪೆಟ್ಟಿಗೆ, ಮನೆ, ಎಲ್ಲ ಹೋಗ್ತದೆ. ಇದಕ್ಕೆ ಬೇರೆ ಡಬ್ಬಿ ಬೇಕು, ತುದಿಗೆ ಕ್ಯಾಪ್ ಬೇಕು."

ನಾನು ಸ್ಟೂಲಿನ ಮೇಲೆ ಕೂತು ಪಾಠ ಕೇಳಿದೆ. ಬೈಯುತ್ತಾ ಬೈಯುತ್ತಾ ಅವರು ಒಂದೊಂದೇ ಸಾಮಾನು ಹೊರಗೆ ತೆಗೆದರು. ನಾನು ಗಾತ್ರ ನೋಡಿ ಜೋಡಿಸಿದ್ದೆ, ಸೂಜಿ ದಾರದ ಡಬ್ಬಿಯ ಹಾಗೆ. ಅವರು ಕೆಲಸದ ಕ್ರಮ ನೋಡಿ ಜೋಡಿಸಿದರು. ಗದ್ದೆಗೆ ಹೋದ ಕೂಡಲೇ ಬೇಕಾದದ್ದು ಮೇಲೆ, ಮುರಿದಾಗ ಬೇಕಾದದ್ದು ಕೆಳಗೆ. ಎರಡು ಜೇಬು ಬಿಚ್ಚಿಸಿದರು, ಒಂದನ್ನು ದೊಡ್ಡದು ಮಾಡಿಸಿದರು. ಬ್ಯಾಟರಿಗೆ ಇಟ್ಟಿದ್ದ ಜಾಗದಲ್ಲಿ ಅಂಟು ಬಂತು.

"ವೆಲ್ವೆಟ್ ಎಂತಕ್ಕೆ? ಮದುಮಗಳ ಪೆಟ್ಟಿಗೆ ಆಗಿದೆ" ಎಂದರು.

"ತೆಗೀಲಾ?"

"ಇರಲಿ. ಹೊಲ್ದಾಗಿದೆಯಲ್ಲ."

ಮುಂದಿನ ಭಾನುವಾರ ಇಬ್ಬರೂ ಮನೆಯ ಸ್ಟೂಲನ್ನೂ ಎತ್ತಿಕೊಂಡು ಸಂಸೆಯ ಬಸ್ಸು ಹತ್ತಿದೆವು. ಗದ್ದೆಯಲ್ಲಿ ಇಬ್ಬನಿ ಆರುತ್ತಿತ್ತು. ನಾನು ಮನೆಯ ಗಟ್ಟಿ ನೆಲದ ಮೇಲೆ ಅಳೆದಿದ್ದೆ, ಮಣ್ಣಿನ ಲೆಕ್ಕ ಹಿಡಿದಿರಲಿಲ್ಲ. ಅವರು ಸ್ಟೂಲಿನ ಮೇಲೆ ಕೂತು ಮುಂಗೈ ಊರಿದ ಕೂಡಲೇ ಪೆಟ್ಟಿಗೆಯ ಒಂದು ಕಾಲು ಮೆತ್ತಗಿನ ಮಣ್ಣಿನೊಳಗೆ ಇಳಿಯಿತು, ಇಡೀ ಪೆಟ್ಟಿಗೆ ವಾಲಿತು. ಕಲ್ಲು ಇಟ್ಟು ನೋಡಿದೆವು, ಅದೂ ಇಳಿಯಿತು. ಅವರ ಮುಖ ಬಾಡುತ್ತಿರುವುದು ಕಂಡಿತು. ನಾನು ಸೀರೆಯ ಸೆರಗು ಸಿಕ್ಕಿಸಿಕೊಂಡು ನೆಲದ ಮೇಲೆ ಕೂತು ಎರಡೂ ಕೈಯಿಂದ ಪೆಟ್ಟಿಗೆಯನ್ನು ತಬ್ಬಿ ಹಿಡಿದೆ.

"ಹಿಡ್ಕೊಂಡಿದೀನಿ. ಹಾರಿಸಿ ನೀವು."

ಅವರು ವಿಮಾನವನ್ನು ಗದ್ದೆಯ ಗಟ್ಟಿ ಭಾಗದಲ್ಲಿ ಓಡಿಸಿ ಎತ್ತಿದರು. ನನಗೆ ಆಕಾಶ ಕಾಣುತ್ತಿರಲಿಲ್ಲ. ನನ್ನ ಕೆನ್ನೆ ಪ್ಲೈವುಡ್ಡಿಗೆ ತಾಗಿತ್ತು. ಅವರ ಕೈಯ ನಡುಕ ಹಲಗೆಯ ಮೂಲಕ ನನಗೆ ಗೊತ್ತಾಗುತ್ತಿತ್ತು, ದೂರದಲ್ಲಿ ಮೋಟಾರು ಓಡುವ ಹಾಗೆ ಸಣ್ಣದಾಗಿ, ಬಿಡದೆ. ಅಷ್ಟು ವರ್ಷ ಜೊತೆಗಿದ್ದೂ ಆ ನಡುಕವನ್ನು ನಾನು ಹೊರಗಿನಿಂದ ನೋಡಿದ್ದೆನೇ ಹೊರತು, ಅದರ ಜೊತೆ ದಿನವಿಡೀ ಇರುವುದು ಹೇಗೆ ಎಂದು ತಿಳಿದಿರಲಿಲ್ಲ. ವಿಮಾನ ಒಂದು ಸುತ್ತು ಮುಗಿಸುವ ಹೊತ್ತಿಗೆ ನಡುಕ ಕಡಿಮೆಯಾಯಿತು. ಪೂರ್ತಿ ನಿಲ್ಲಲಿಲ್ಲ. ಆದರೆ ಮೇಲೆ ಪ್ರೊಪೆಲರಿನ ಸದ್ದು ಒಂದೇ ಸಮ ಕೇಳಿಸುತ್ತಿತ್ತು, ಏರಿಳಿತವಿಲ್ಲದೆ.

"ನೆಟ್ಟಗಿದೆಯಾ?" ಎಂದು ಕೇಳಿದೆ.

"ನೆಟ್ಟಗಿದೆ. ಮಾತಾಡ್ಬೇಡ."

ಇಳಿಸುವಾಗ ಚಕ್ರ ಕೂಳೆಗೆ ಸಿಕ್ಕಿ ವಿಮಾನ ಮೂಗಿನ ಮೇಲೆ ನಿಂತಿತು. ತಂತಿ ಸ್ವಲ್ಪ ಬಗ್ಗಿತ್ತು, ಅಷ್ಟೆ. ಅವರು ಸ್ಟೂಲಿನಿಂದ ಏಳದೆ ಕೈ ಚಾಚಿ ನನ್ನ ಕೂದಲಿಗೆ ಅಂಟಿದ್ದ ಹುಲ್ಲು ತೆಗೆದರು. ತೆಗೆಯಲು ಹೊತ್ತು ಹಿಡಿಯಿತು. ನಾನು ಅಲುಗಾಡಲಿಲ್ಲ.

ಆಮೇಲೆ ಬಡಗಿ ಕಾಲುಗಳಿಗೆ ಅಗಲವಾದ ಪಾದ ಮಾಡಿಕೊಟ್ಟರು. ಈ ಸಲ ಕೊಟ್ಟಿಗೆಹಾರಕ್ಕೆ ಹೋದವರು ನನ್ನ ಗಂಡನೇ. ಇಬ್ಬರೂ ಒಂದು ಗಂಟೆ ಏನು ಮಾತಾಡಿದರೋ, ನನಗೆ ಹೇಳಲಿಲ್ಲ. ಎರಡು ವರ್ಷದಲ್ಲಿ ನಡುಕ ಸ್ವಲ್ಪ ಹೆಚ್ಚಿದೆ. ಗಾಳಿಯಿದ್ದ ದಿನ ಹಾರಿಸುವುದಿಲ್ಲ. ಕೆಲವು ಭಾನುವಾರ ಗದ್ದೆಗೆ ಹೋಗಿ, ಇವತ್ತು ಬೇಡ ಎಂದು ಕಟ್ಟಿಕೊಂಡು ಹೋದ ಉಪ್ಪಿಟ್ಟು ತಿಂದು ಬರುತ್ತೇವೆ. ಆ ದಿನಗಳೂ ನನಗೆ ಇಷ್ಟ.

ಹೋದ ತಿಂಗಳು ಬಸ್ಸು ತಪ್ಪಿ ಜೀಪಿನಲ್ಲಿ ಬಂದೆವು. ಹಿಂದಿನ ಸೀಟಿನಲ್ಲಿ ಎಂಟು ಜನ, ಅವರ ತೊಡೆಯ ಮೇಲೆ ಪೆಟ್ಟಿಗೆ. ಎದುರು ಕೂತಿದ್ದ ಮೆಣಸಿನ ವ್ಯಾಪಾರಿ ಅದನ್ನೇ ನೋಡುತ್ತಿದ್ದವರು, ಎಂತದು ಇದು, ಎಲ್ಲಿ ಸಿಗ್ತದೆ ಎಂದು ಕೇಳಿದರು.

"ಅಂಗಡೀಲಿ ಸಿಗೋದಲ್ಲ" ಎಂದರು ನನ್ನ ಗಂಡ. "ನಮ್ಮನೆಯವ್ರು ಅಳತೆ ತಗೊಂಡು ಮಾಡ್ಸಿದ್ದು."

ಆಮೇಲೆ ಕಳಸ ಬರುವವರೆಗೂ ಮುಚ್ಚಳ ತೆಗೆದು ಎಲ್ಲರಿಗೂ ಒಂದೊಂದಾಗಿ ತೋರಿಸಿದರು, ಮೆರೂನ್ ವೆಲ್ವೆಟ್ಟನ್ನೂ ಬಿಡದೆ. ನಾನು ಕಿಟಕಿಯ ಹೊರಗೆ ನೋಡುತ್ತಾ ಕೂತಿದ್ದೆ.