ಪಕ್ಕದ ಹಿತ್ತಲಿನ ಬೆರಕೆ ಸೊಪ್ಪು

ಸಿ.ಎಸ್. ಪುರದ ಗಿರಿಯಮ್ಮನಿಗೆ ಕಸಕಡ್ಡಿ ಕಂಡರೆ ಆಗದು. ಅಂಗಳದಲ್ಲಿ ಒಂದು ಹುಲ್ಲು ತಲೆಯೆತ್ತಿದರೆ ಸಾಕು, ಸೆರಗು ಸೊಂಟಕ್ಕೆ ಸಿಕ್ಕಿಸಿ ಹೊರಟೇಬಿಡುವಳು. ಪಕ್ಕದ ಮನೆ ಬಸವಲಿಂಗಮ್ಮನ ಹಿತ್ತಲಂತೂ ಕಣ್ಣಿಗೆ ಚುಚ್ಚುತ್ತಿತ್ತು. "ಅದೇನ್ ಹಿತ್ಲೇ ನಿಂದು? ಹಾವು ಸಂಸಾರ ಹೂಡ್ತದೆ ಕಣೇ" ಅಂತ ಬೇಲಿ ಮೇಲಿಂದ ದಿನಾ ಒಂದು ಮಾತು ಬಿಡದಿದ್ದರೆ ಆಕೆಗೆ ಕಾಫಿ ಇಳಿಯುತ್ತಿರಲಿಲ್ಲ.

ಸೊಸೆ ಶಶಿಕಲಾಳ ಸೀಮಂತಕ್ಕೆ ಬೀಗರು ಬರುತ್ತಾರೆ ಅಂದಮೇಲೆ ಕೇಳಬೇಕೆ! ಮಗ ಅಶ್ವಥ್‌ನ ಪ್ರಾಣ ತಿಂದು, ಮನೆ ಹಿಂದಿನ ತೆಂಗಿನ ತೋಟಕ್ಕೆಲ್ಲ ಕಳೆ ಔಷಧಿ ಹೊಡೆಸಿದಳು. ನೆಲ ಬೋಳಾಯಿತು. ಬೀಗರು ತೋಟ ಹೊಗಳಿ, ಹೋಳಿಗೆ ಉಂಡು ಹೋದರು.

ಮುಂದಿನ ವಾರ ಗುಬ್ಬಿ ಆಸ್ಪತ್ರೆಯಲ್ಲಿ ನರ್ಸಮ್ಮ ಶಶಿಕಲಾಳ ರಿಪೋರ್ಟ್ ನೋಡಿ ಮುಖ ಸಣ್ಣದು ಮಾಡಿದರು. "ರಕ್ತ ತುಂಬಾ ಕಮ್ಮಿ ಐತಮ್ಮ. ಹಿಂಗೇ ಇದ್ರೆ ಹೆರಿಗೇಲಿ ತಾಯಿ ಜೀವಕ್ಕೇ ಕಷ್ಟ. ಮಾತ್ರೆ ತಪ್ಪಿಸ್ಬೇಡಿ, ದಿನಾ ಸೊಪ್ಪು ತಿನ್ಸಿ, ಮೇಲೆ ನಿಂಬೆಹಣ್ಣು ಹಿಂಡಿ."

ಗಿರಿಯಮ್ಮನಿಗೆ ಬೋಳು ತೋಟ ನೆನಪಾಯಿತು. ಅಣ್ಣೆ, ಗೋಣಿ, ಹೊನಗೊನೆ, ಕಿರಕಸಾಲೆ, ಆಕೆ ಮಡಿಲು ತುಂಬ ಕೊಯ್ದು ತರುತ್ತಿದ್ದ ಬೆರಕೆ ಸೊಪ್ಪೆಲ್ಲ ಇದ್ದದ್ದು ಅದೇ ತೆಂಗಿನ ಬುಡಗಳಲ್ಲಿ. ಚಿವುಟಿದ ಕುಡಿ ಮತ್ತೆ ಚಿಗುರುವ ಹಾಗೆ ಔಷಧಿ ಹೊಡೆದದ್ದೂ ಚಿಗುರೀತು ಅಂದುಕೊಂಡಿದ್ದಳು ಪುಣ್ಯಾತ್ಗಿತ್ತಿ. ಮಳೆ ಬಿದ್ದರೂ ಒಂದು ಎಲೆ ಕಾಣಲಿಲ್ಲ. ಸಂತೆ ವಾರಕ್ಕೊಂದೇ. ಸೊಸೆಯ ಬಿಳಿಚಿದ ಮುಖ ನೋಡಿದಾಗಲೆಲ್ಲ ಗಿರಿಯಮ್ಮ ಮತ್ತೊಮ್ಮೆ ತೋಟ ಸುತ್ತಿ ಬರಿಗೈಯಲ್ಲಿ ಬರುತ್ತಿದ್ದಳು.

ಕೊನೆಗೆ ಮಾನ ಬದಿಗಿಟ್ಟು ಬಸವಲಿಂಗಮ್ಮನ ಬೇಲಿ ಹತ್ತಿರ ಹೋಗಿ ನಿಂತಳು. ವಿಷಯ ಹೇಳುವಷ್ಟರಲ್ಲಿ ಕಣ್ಣು ತುಂಬಿತು.

"ಬಾರೇ ಒಳಿಕ್ಕೆ. ಹಾವು ಮನೇಲಿಲ್ಲ, ನೆಂಟರ ಮನೆಗೆ ಹೋಗೈತೆ" ಅಂದಳು ಬಸವಲಿಂಗಮ್ಮ. ಗಿರಿಯಮ್ಮ ಅವಸರಕ್ಕೆ ಗಿಡವನ್ನೇ ಕಿತ್ತಾಗ ಕೈ ಹಿಡಿದಳು. "ಕುಡಿ ಚಿವುಟು, ಬೇರು ಬುಡು. ನಾಳೇನೂ ನಿನ್ ಸೊಸೆ ಉಣ್ಬೇಕು."

ಸುದ್ದಿ ಬೀದಿಗೆಲ್ಲ ಹಬ್ಬಿತು. ಎದುರಿನ ಓಬಳಯ್ಯನ ಮನೆಯಿಂದ ನುಗ್ಗೆಸೊಪ್ಪು ಬಂತು, ಮೂಲೆಮನೆಯಿಂದ ನಿಂಬೆಹಣ್ಣು. ಯಾರೊಬ್ಬರ ಹಿತ್ತಲಲ್ಲೂ ಎಲ್ಲ ಇರಲಿಲ್ಲ. ಎಲ್ಲರದೂ ಸೇರಿದಾಗ ಶಶಿಕಲಾಳ ಮುದ್ದೆಗೆ ದಿನಾ ಮಸ್ಸೊಪ್ಪಾಯಿತು. ಮಾತ್ರೆಯೂ ತಪ್ಪಲಿಲ್ಲ. ಮುಖಕ್ಕೆ ಮೆಲ್ಲಗೆ ಬಣ್ಣ ಬಂತು.

ಹೆರಿಗೆಯಾದ ಬೆಳಿಗ್ಗೆ ಗಿರಿಯಮ್ಮ ಗುಬ್ಬಿಯಿಂದ ಬಸ್ಸಿಳಿದವಳು ತನ್ನ ಮನೆ ಬೀಗ ತೆಗೆಯದೆ ನೇರ ಪಕ್ಕದ ಹಿತ್ತಲಿಗೆ ಹೋದಳು.

"ಹೆಣ್ಮಗು ಕಣೇ. ಇಬ್ರೂ ಚೆನ್ನಾಗವ್ರೆ. ನೀನಿಲ್ದಿದ್ರೆ ನಮ್ ಮನೆ ದೀಪ ಉಳೀತಿರ್ಲಿಲ್ಲ" ಅಂತ ಕೈ ಮುಗಿಯಹೋದಳು.

ಬಸವಲಿಂಗಮ್ಮ ತಡೆದಳು. "ನಾನೇನ್ ಬಿತ್ತಿದ್ನಾ, ನೀರ್ ಹಾಕಿದ್ನಾ? ಬೆಳೀತಿತ್ತು, ಸುಮ್ನಿದ್ದೆ ಅಷ್ಟೆ. ಮುಗಿಯೋದಾದ್ರೆ ನೆಲಕ್ಕೆ ಮುಗಿ."

ಗಿರಿಯಮ್ಮ ಹೊನಗೊನೆಯ ಪಕ್ಕ ಕೂತು ನೆಲ ಮುಟ್ಟಿ ಕಣ್ಣಿಗೊತ್ತಿಕೊಂಡಳು. ಆಮೇಲೆ ತಲೆ ಎತ್ತದೆಯೇ ಕೇಳಿದಳು: "ಬೇರು ಸಮೇತ ಒಸಿ ಕೊಡ್ತೀಯೇನೇ? ನಮ್ ತೋಟದಾಗೆ ನೆಡ್ತೀನಿ."