ಮಾವನಿಗಾಗಿ ಆರಿಸಿದ ಲೆನ್ಸು

ಬೆಟ್ಟಗಳ ನಡುವಿನ ಅತ್-ಬಾಶಿ ಎಂಬ ಊರಿನ ಬಸ್ ನಿಲ್ದಾಣದ ಎದುರಿಗೆ, ರೊಟ್ಟಿ ಅಂಗಡಿಗೂ ಔಷಧಿ ಅಂಗಡಿಗೂ ನಡುವೆ ಸಿಕ್ಕಿಕೊಂಡ ಒಂದು ಕೋಣೆಯಲ್ಲಿ ಕೂತು ಬುರುಲ್ಚಾ ಹದಿನಾರು ವರ್ಷಗಳಿಂದ ಊರಿನವರ ಫೋಟೋ ತೆಗೆಯುತ್ತಿದ್ದಾಳೆ. ಪಾಸ್‌ಪೋರ್ಟಿಗೆ ಬೇಕಾದವರು, ಶಾಲೆ ಮುಗಿಸಿದವರು, ಮದುವೆಯಾದವರು, ನಲವತ್ತು ದಿನ ತುಂಬಿದ ಕೂಸನ್ನು ಎತ್ತಿಕೊಂಡು ಬಂದವರು, ಎಲ್ಲರ ಮುಖವೂ ಅವಳಿಗೆ ಅಂಗೈ ಗೆರೆಯಷ್ಟು ಪರಿಚಯ. ಯಾರ ಎಡಗಣ್ಣು ಚಿಕ್ಕದು, ಯಾರು ಹಲ್ಲು ಮುಚ್ಚಿಕೊಳ್ಳಲು ತುಟಿ ಬಿಗಿಯುತ್ತಾರೆ, ಕೇಳಿದರೆ ನಿದ್ದೆಯಲ್ಲೂ ಹೇಳಿಯಾಳು. ಇಡೀ ಊರಿನಲ್ಲಿ ಅವಳು ನೆಟ್ಟಗೆ ನೋಡದ ಮುಖ ಒಂದೇ ಒಂದಿತ್ತು. ಅದು ಅವಳ ಮನೆಯಲ್ಲೇ ಇತ್ತು.

ಅದು ಮಾವ ಬೆಯ್ಶೆನ್ ಅವರ ಮುಖ. ಸೊಸೆಯಾದವಳು ಮಾವನ ಹೆಸರೆತ್ತಬಾರದು, ಮಾವನಿಗೆ ಬೆನ್ನು ತೋರಿಸಬಾರದು, ಮುಖಕ್ಕೆ ಮುಖ ಕೊಟ್ಟು ನೋಡಬಾರದು. ಈಗಿನ ಹುಡುಗಿಯರು ಇದನ್ನೆಲ್ಲ ಗಾಳಿಗೆ ತೂರಿ ಮಾವನ ಜೊತೆ ಕೂತು ಇಸ್ಪೀಟು ಆಡುತ್ತಾರೆ. ಬುರುಲ್ಚಾ ಹಾಗಲ್ಲ. ಇಪ್ಪತ್ತೆರಡು ವರ್ಷದ ಹಿಂದೆ ಸೊಸೆಯಾಗಿ ಬಂದಾಗ ತಲೆಗೆ ಕಟ್ಟಿದ ಬಟ್ಟೆಯ ಜೊತೆಗೇ ಈ ಶಿಸ್ತನ್ನೂ ಕಟ್ಟಿಕೊಂಡವಳು, ಎರಡನ್ನೂ ಬಿಚ್ಚಿಲ್ಲ. ಮಾವನ ಹೆಸರಿನ ದೊಡ್ಡ ಪಾಲು ಅವರ ಭಾಷೆಯಲ್ಲಿ ಗುರುವಾರಕ್ಕಿರುವ ಹೆಸರಿನಲ್ಲೂ ಬರುವುದರಿಂದ ಅವಳ ಅಂಗಡಿಯಲ್ಲಿ ಗುರುವಾರ ಎನ್ನುವ ವಾರವೇ ಇಲ್ಲ. ಅವತ್ತು ಬರಬೇಕಾದ ಗಿರಾಕಿಗೆ, "ಬುಧವಾರದ ಮಾರನೇ ದಿನ ಬನ್ನಿ" ಎನ್ನುತ್ತಾಳೆ. ಊರವರಿಗೂ ಅಭ್ಯಾಸವಾಗಿಬಿಟ್ಟಿದೆ.

ಶಿಸ್ತಿನ ಜೊತೆಗೆ ಹೆದರಿಕೆಯೂ ಇತ್ತು ಅನ್ನುವುದನ್ನು ಮುಚ್ಚಿಡಬೇಕಾಗಿಲ್ಲ. ಬೆಯ್ಶೆನ್ ಮೂವತ್ನಾಲ್ಕು ವರ್ಷ ದೊಲೋನ್ ಘಾಟಿಯ ಮೇಲೆ ಲಾರಿ ಓಡಿಸಿದವರು. ಮಾತು ಕಮ್ಮಿ, ದನಿ ದಪ್ಪ. ಅವರು ಕೆಮ್ಮಿದರೆ ಬುರುಲ್ಚಾಳ ಕೈಯಲ್ಲಿದ್ದ ಟೀ ಬಟ್ಟಲು ಸದ್ದು ಮಾಡುತ್ತಿತ್ತು.

ಮಾರ್ಚಿನಲ್ಲಿ ಅವರಿಗೆ ಉಸಿರು ಕಟ್ಟತೊಡಗಿತು. ನರಿನ್ ಪಟ್ಟಣದ ವೈದ್ಯರು ಎದೆಗೆ ಕೊಳವೆಯಿಟ್ಟು ಕೇಳಿ, ಹೃದಯದ ಕವಾಟ ಕೆಟ್ಟಿದೆ, ರಾಜಧಾನಿ ಬಿಷ್ಕೆಕ್‌ಗೆ ಹೋಗಿ ಬದಲಾಯಿಸಬೇಕು ಎಂದರು. ಏಪ್ರಿಲ್ ಕೊನೆಯ ಗುರುವಾರ ಹೊರಡುವುದೆಂದು ಗೊತ್ತಾಯಿತು. ಎಂಬತ್ತೊಂದು ವಯಸ್ಸಿನ ಎದೆ ಕೊಯ್ಯುವುದೆಂದರೆ ಏನೂ ಆಗಬಹುದು. ಅದು ಎಲ್ಲರಿಗೂ ಗೊತ್ತಿತ್ತು, ಯಾರೂ ಬಾಯಿಬಿಡಲಿಲ್ಲ. ಬಾಯಿಬಿಟ್ಟವರು ಅವರೇ.

"ಕಲ್ಲಿಗೆ ಒಂದು ಫೋಟೋ ಬೇಕು" ಎಂದರು ಒಂದು ದಿನ, ಟೀ ಕುಡಿಯುತ್ತ.

"ಯಾವ ಕಲ್ಲಿಗೆ?" ಎಂದಳು ಹೆಂಡತಿ ಶಾರಿಪಾ, ಏನೂ ಗೊತ್ತಿಲ್ಲದವಳ ಹಾಗೆ.

"ಬಾಗಿಲಿಗೆ ಅಡ್ಡ ಇಡೋ ಕಲ್ಲಿಗಲ್ಲ. ನನ್ನ ಗೋರಿ ಕಲ್ಲಿಗೆ. ಅಣ್ಣನ ಗತಿ ನೋಡಿದೀಯಲ್ಲ? ಪಾಸ್‌ಪೋರ್ಟ್ ಫೋಟೋ ಕೊಟ್ರು, ಕೆತ್ತೋನು ಇದ್ದಿದ್ದನ್ನ ಇದ್ದಂಗೇ ಕೆತ್ತಿಟ್ಟ. ಪೊಲೀಸರು ಹಿಡ್ಕೊಂಡು ಬಂದ ಕುದುರೆಗಳ್ಳನ ಥರ ಕೂತಿದಾನೆ. ಪಾಪ, ಬದುಕಿದ್ದಾಗ ಒಂದು ಕುರಿಮರಿನೂ ಕದ್ದೋನಲ್ಲ."

"ಅವನ ಮುಖಾನೇ ಹಾಗಿತ್ತು ಬಿಡಿ."

"ನನ್ನದು ಹಾಗಿಲ್ಲ. ಆಪರೇಷನ್ನಿಗೆ ಹೋಗೋಕೆ ಮುಂಚೆ ತೆಗೀಬೇಕು. ನಮ್ಮ ಸೊಸೆ ತೆಗೀಲಿ. ನಾನು ಅಂಗಡಿಗೆಲ್ಲ ಬರಲ್ಲ, ಇಲ್ಲೇ, ನನ್ನ ಜಾಗದಲ್ಲೇ ಕೂತ್ಕೋತೀನಿ."

ಅವರ ಜಾಗವೆಂದರೆ ಬಾಗಿಲಿಗೆ ಎದುರಾದ ಗೋಡೆಗೆ ಒರಗಿದ ಹಿರಿಯರ ಜಾಗ. ಕೋಣೆಗಿರುವುದು ಒಂದೇ ಕಿಟಕಿ, ಅದೂ ಗೇಣಗಲದ್ದು. ಬುರುಲ್ಚಾಳ ಬಳಿ ಇದ್ದ ಲೆನ್ಸು ಅಷ್ಟು ಬೆಳಕಿಗೆ ಏನೂ ಕಾಣದ ಜಾತಿಯದು. ಫ್ಲ್ಯಾಶ್ ಹಾಕಿದರೆ ಬೆಯ್ಶೆನ್ ಎದುರಿನಿಂದ ಲಾರಿ ನುಗ್ಗಿತೇನೋ ಅನ್ನುವಂತೆ ಕಣ್ಣು ಮುಚ್ಚಿಬಿಡುತ್ತಿದ್ದರು. ಎಂಟು ಸಲ ತೆಗೆದಳು, ಎಂಟು ಸಲವೂ ಮುಚ್ಚಿದರು. ಕಣ್ಣು ಮುಚ್ಚಿದ ಫೋಟೋವನ್ನು ಗೋರಿಗೆ ಹಾಕುವುದುಂಟೇ? ಮಂಕು ಬೆಳಕಿನಲ್ಲೂ ಮುಖ ಹಿಡಿಯುವ, ದೊಡ್ಡ ಬಾಯಿಯ ಲೆನ್ಸೇ ಬೇಕು ಎಂದುಕೊಂಡು ಮಾರನೆಯ ದಿನ ಗಂಡನ ವ್ಯಾನಿನಲ್ಲಿ ಬಿಷ್ಕೆಕ್‌ಗೆ ಹೊರಟಳು.

ಬಿಷ್ಕೆಕ್‌ನಲ್ಲಿ ಗೆನ್ನಾದಿ ಪೆತ್ರೋವಿಚ್ ಎಂಬ ಮುದುಕರಿದ್ದಾರೆ. ಹಳೆಯ ಕ್ಯಾಮೆರಾ ರಿಪೇರಿ, ಲೆನ್ಸುಗಳ ಮಾರಾಟ. ಬುರುಲ್ಚಾಳಿಗೆ ಕ್ಯಾಮೆರಾ ಹಿಡಿಯುವುದನ್ನು ಕಲಿಸಿದವರೂ ಅವರೇ. ಅವರು ಹಸಿರು ಬಟ್ಟೆಯ ಮೇಲೆ ಎರಡು ಲೆನ್ಸು ಇಟ್ಟರು. ಒಂದು ಐವತ್ತು ಮಿಲಿಮೀಟರಿನದು, ಚಿಕ್ಕದು. ಇನ್ನೊಂದು ಎಂಬತ್ತೈದರದು, ದಪ್ಪ ಕತ್ತಿನದು, ಎದುರಿನ ಗಾಜು ಟೀ ಬಟ್ಟಲಿನಷ್ಟು ಅಗಲ. ಎರಡೂ ಹಿಂದೆ ಮುಂದೆ ಸರಿಯದ, ಝೂಮ್ ಇಲ್ಲದ ಲೆನ್ಸುಗಳು. ಎರಡೂ ಒಂದು ಪಾಯಿಂಟ್ ನಾಲ್ಕರವರೆಗೆ, ಅಂದರೆ ಮಂಕು ಬೆಳಕಿಗೂ ಸಾಲುವಷ್ಟು ಅಗಲ, ಬಾಯಿ ತೆರೆಯುವಂಥವು.

"ಬೆಳಕಿನ ವಿಷಯಕ್ಕೆ ಎರಡೂ ಒಂದೇ" ಎಂದರು ಮುದುಕರು. "ಐವತ್ತರದ್ದು ಹಗುರ, ಚಿಕ್ಕ ಕೋಣೆಗೆ ಸರಿ. ಆದ್ರೆ ಮುಖ ತುಂಬ್ಕೋಬೇಕು ಅಂದ್ರೆ ಹತ್ತಿರ ಹೋಗ್ಬೇಕು, ಒಂದೇ ಹೆಜ್ಜೆ ದೂರಕ್ಕೆ. ಮೂಗು ಸ್ವಲ್ಪ ದಪ್ಪ ಬರುತ್ತೆ."

"ಒಂದು ಹೆಜ್ಜೆನಾ!" ಬುರುಲ್ಚಾ ಬೆಚ್ಚಿದಳು.

"ಯಾಕೆ, ಕಚ್ತಾರಾ?"

"ಮಾವ ಅವರು, ಗೆನ್ನಾದಿ ಪೆತ್ರೋವಿಚ್."

"ಓಹೋ. ಹಾಗಾದ್ರೆ ಎಂಬತ್ತೈದು. ಎರಡು, ಮೂರು ಹೆಜ್ಜೆ ದೂರ ನಿಂತ್ಕೋಬಹುದು. ಕೋಣೆ ಎಷ್ಟುದ್ದ?"

"ಐದು ಹೆಜ್ಜೆ."

"ಸಾಕು. ಐವತ್ತು ವರ್ಷದಿಂದ ಲೆನ್ಸು ಮಾರ್ತಿದೀನಮ್ಮ. ಜನ ಮೂಗು ನೋಡಿ ಆರಿಸ್ತಾರೆ, ಹಿಂದಿನ ಗೋಡೆ ಹೇಗೆ ಕರಗುತ್ತೆ ಅಂತ ನೋಡಿ ಆರಿಸ್ತಾರೆ. ಮಾವನ್ನ ನೋಡಿ ಆರಿಸಿದೋಳು ನೀನೊಬ್ಬಳೇ." ಪೆಟ್ಟಿಗೆ ಕಟ್ಟುತ್ತ ಮತ್ತೆ ಎಚ್ಚರಿಸಿದರು: "ಬಾಯಿ ಪೂರ್ತಿ ತೆರೆದಾಗ ಇದಕ್ಕೆ ಕಾಣೋದು ಎರಡು ಬೆರಳಗಲ. ಅದರ ಹಿಂದೆ ಮುಂದೆ ಎಲ್ಲ ಮಂಜು. ಎಲ್ಲಿ ಗುರಿ ಇಡ್ತೀಯ ಅನ್ನೋದು ನೆನಪಿರಲಿ."

ಬುರುಲ್ಚಾ ಮೂರು ಹೆಜ್ಜೆ ದೂರ ಸಿಕ್ಕಿತಲ್ಲ ಎನ್ನುವ ಸಮಾಧಾನದಲ್ಲಿ ಈ ಮಾತನ್ನು ಒಂದು ಕಿವಿಯಲ್ಲಿ ಕೇಳಿ ಇನ್ನೊಂದರಲ್ಲಿ ಬಿಟ್ಟಳು.

ಊರಿಗೆ ಬಂದವಳು ಮೊದಲು ರೊಟ್ಟಿ ಅಂಗಡಿಯವಳ ಮುಖ ತೆಗೆದು ನೋಡಿದಳು. ಕಣ್ರೆಪ್ಪೆಯ ಮೇಲಿನ ಹಿಟ್ಟು ಕೂಡ ಕಾಣುತ್ತಿತ್ತು, ಹಿಂದಿನ ಬೀದಿ ಮೆತ್ತಗೆ ಕರಗಿಹೋಗಿತ್ತು. ಹಿಗ್ಗಿ ಹೀರೇಕಾಯಿಯಾಗಿ ಮನೆಗೆ ಓಡಿದಳು. ಬೆಯ್ಶೆನ್ ಬಿಳಿ ಟೊಪ್ಪಿಗೆ ಹಾಕಿಕೊಂಡು, ಗಡ್ಡ ಬಾಚಿಕೊಂಡು ಸಿದ್ಧವಾಗಿ ಕೂತಿದ್ದರು. ಅವಳು ಬಾಗಿಲ ಬಳಿ ನಿಂತು ಕ್ಯಾಮೆರಾ ಕಣ್ಣಿಗೆ ಹಚ್ಚಿದಳು. ಮೂರು ಹೆಜ್ಜೆ ದೂರ ಅವಳ ಕಾಲಿಗೆ ಸಿಕ್ಕಿತ್ತೇ ಹೊರತು ಕಣ್ಣಿಗಲ್ಲ. ಕ್ಯಾಮೆರಾದೊಳಗೆ ಮಾವನ ಮುಖ ಇಷ್ಟಗಲ ತುಂಬಿಕೊಂಡು, ಇಪ್ಪತ್ತೆರಡು ವರ್ಷದಲ್ಲಿ ಎಂದೂ ಬಾರದಷ್ಟು ಹತ್ತಿರ ಬಂದು ನಿಂತಿತ್ತು. ಅವಳ ನೋಟ ತಾನಾಗಿಯೇ ಕೆಳಗಿಳಿಯಿತು. ಗಡಗಡನೆ ಹತ್ತಿಪ್ಪತ್ತು ಸಲ ಒತ್ತಿ ಹೊರಗೆ ಬಂದುಬಿಟ್ಟಳು.

ಅಂಗಡಿಗೆ ಹೋಗಿ ಕಂಪ್ಯೂಟರಿನಲ್ಲಿ ಒಂದೊಂದಾಗಿ ತೆರೆದು ನೋಡಿದಳು. ಒಂದರಲ್ಲೂ ಕಣ್ಣಿಲ್ಲ. ಕಣ್ಣಿದ್ದ ಕಡೆ ಎರಡು ಮಸುಕು ಕಲೆ. ಮಾರನೆಯ ದಿನ ಮತ್ತೆ ತೆಗೆದಳು, ಅದೇ ಕಥೆ. ಲೆನ್ಸಿನ ಬಾಯಿ ಕಿರಿದು ಮಾಡಿ ತೆಗೆದಳು. ಆಗ ಬೆಳಕು ಸಾಲದೆ ಶಟರ್ ನಿಧಾನವಾಯಿತು, ಮಾವನ ತಲೆ ಸಣ್ಣಗೆ ನಡುಗುವುದರಿಂದ ಇಡೀ ಮುಖವೇ ಅಲುಗಿ ಕೂತಿತು. ಸೋಮವಾರ ಕಳೆಯಿತು, ಮಂಗಳವಾರ ಬಂತು. ಹೊರಡುವುದಕ್ಕೆ ಇನ್ನೆರಡು ದಿನ. ಈ ಮನುಷ್ಯ ಆಸ್ಪತ್ರೆಯಿಂದ ವಾಪಸು ಬರದಿದ್ದರೆ ಉಳಿಯುವುದು ಈ ಕುರುಡು ಫೋಟೋಗಳಷ್ಟೇ ಎನ್ನುವ ಯೋಚನೆ ಅವಳನ್ನು ಕೂರಗೊಡಲಿಲ್ಲ. ಲೆನ್ಸೇ ಸರಿಯಿಲ್ಲ ಎಂದುಕೊಂಡು ಫೋಟೋಗಳನ್ನು ಮೊಬೈಲಿನಲ್ಲಿ ಕಳಿಸಿ ಗೆನ್ನಾದಿ ಪೆತ್ರೋವಿಚ್‌ಗೆ ಫೋನು ಮಾಡಿದಳು.

"ಪತ್ರಿಕೆ ಓರೆಯಾಗಿ ಹಾಸು, ನಡುವಿನ ಸಾಲಿಗೆ ಗುರಿಯಿಟ್ಟು ತೆಗಿ" ಎಂದರು ಅವರು. ತೆಗೆದಳು. ನಡುವಿನ ಸಾಲು ಕತ್ತರಿಸಿಟ್ಟಂತೆ ಸ್ಪಷ್ಟ.

"ಬೇರೆಯವರ ಮುಖ?"

"ಬೇರೆಯವರದೆಲ್ಲ ಚೆನ್ನಾಗಿ ಬರುತ್ತೆ. ಅವರದೊಂದೇ ಬರಲ್ಲ."

"ಹಾಗಾದ್ರೆ ಲೆನ್ಸಿಗೂ ಅವರು ಮಾವ ಅನ್ನು!" ಮುದುಕರು ಕೆಮ್ಮು ಬರುವಷ್ಟು ನಕ್ಕರು. "ಅಮ್ಮಾ ತಾಯಿ, ಗಡ್ಡ ನೋಡು. ಒಂದೊಂದು ಕೂದಲೂ ಎಣಿಸಬಹುದು. ನೀನು ಗಡ್ಡಕ್ಕೆ ಗುರಿಯಿಡ್ತಿದೀಯ. ಗಡ್ಡ ಮುಂದಿದೆ, ಕಣ್ಣು ನಾಲ್ಕು ಬೆರಳು ಹಿಂದಿದೆ. ಲೆನ್ಸು ಪಾಪ, ನೀನು ನೋಡಿದ್ದನ್ನ ನೋಡ್ತಿದೆ."

ಬುರುಲ್ಚಾ ಫೋನು ಇಟ್ಟಳು. ಕಳಿಸಿದ ಮೂವತ್ತು ಫೋಟೋಗಳಲ್ಲಿ ಮೂವತ್ತೂ ಗಡ್ಡ. ನಾಚಿಕೆಯಾಯಿತು, ನಗುವೂ ಬಂತು. ಲೆನ್ಸು ಕೆಟ್ಟಿಲ್ಲ, ತಾನು ಆರಿಸಿದ್ದೂ ತಪ್ಪಲ್ಲ ಎಂದು ಅರ್ಧ ಭಾರ ಅಲ್ಲೇ ಇಳಿಯಿತು. ಉಳಿದ ಅರ್ಧ ಮನೆಯಲ್ಲಿ ಹಿರಿಯರ ಜಾಗದಲ್ಲಿ ಕೂತಿತ್ತು.

ಬುಧವಾರ ಬೆಳಿಗ್ಗೆ ಅವಳು ಅತ್ತೆಯನ್ನು ಕೊಟ್ಟಿಗೆಯ ಬಳಿ ಹಿಡಿದು ನಿಲ್ಲಿಸಿ ಎಲ್ಲ ಹೇಳಿದಳು. ಶಾರಿಪಾ ಹಾಲಿನ ಬಕೆಟ್ಟು ಕೆಳಗಿಟ್ಟು ಸೊಂಟದ ಮೇಲೆ ಕೈಯಿಟ್ಟುಕೊಂಡಳು.

"ಐವತ್ತೇಳು ವರ್ಷದಿಂದ ದಿನಾ ಬೆಳಗೆದ್ದು ನಾನು ಆ ಮುಖ ನೋಡ್ತಿದೀನಿ ಕಣೇ. ಅಂಥಾದ್ದೇನೂ ಇಲ್ಲ, ಹೆದರ್ಕೋಬೇಡ. ಹೋಗು, ಇದ್ದಿದ್ದನ್ನ ಇದ್ದಂಗೆ ಹೇಳು."

"ನೀವೇ ಒಂದು ಮಾತು ಹೇಳಿ, ಅಪಾ" ಎಂದಳು ಬುರುಲ್ಚಾ. ಅತ್ತೆಯನ್ನು ಅಪಾ, ಅಂದರೆ ಅಮ್ಮ ಎಂದೂ ಮಾವನನ್ನು ಅತಾ, ಅಂದರೆ ಅಪ್ಪ ಎಂದೂ ಕರೆಯುವುದು ಅವಳ ರೂಢಿ.

"ನಾನ್ಯಾಕೆ ಹೇಳ್ಲಿ? ಫೋಟೋ ತೆಗಿಯೋಳು ನೀನೋ ನಾನೋ?"

ಬೇರೆ ದಾರಿಯಿರಲಿಲ್ಲ. ಬುರುಲ್ಚಾ ಕ್ಯಾಮೆರಾ ಹಿಡಿದು ಒಳಗೆ ಹೋಗಿ, ಕಂಬಳಿಯ ಅಂಚನ್ನು ನೋಡುತ್ತ ನಿಂತಳು.

"ಅತಾ, ಫೋಟೋ ಯಾಕೆ ಸರಿ ಬರ್ತಿಲ್ಲ ಅಂತ ಗೊತ್ತಾಯ್ತು."

"ಲೆನ್ಸು ಕೆಟ್ಟಿದೆಯಾ?"

"ಇಲ್ಲ. ನಾನು ನಿಮ್ಮ ಕಣ್ಣು ನೋಡ್ತಾ ಇಲ್ಲ. ಗಡ್ಡ ನೋಡ್ತಿದೀನಿ."

ಆ ಕಡೆಯಿಂದ ಕೇಳಿಸಿದ ಸದ್ದು ಕೆಮ್ಮೆಂದು ಅವಳು ಹೆದರಿದಳು. ಅದು ನಗು.

"ನೀನು ನೋಡೋದು ಯಾವತ್ತು ಬಿಟ್ಟೆ ಅಂತ ನಂಗೊತ್ತು" ಎಂದರು ಬೆಯ್ಶೆನ್. "ನೀನು ಬಂದ ಹೊಸತು. ನಾನು ಘಾಟಿ ಇಳಿದು ಬಂದಿದ್ದೆ. ನೀನು ಟೀ ಬಟ್ಟಲು ತುಂಬ ತುಳುಕೋ ಹಾಗೆ ಹಾಕ್ಕೊಟ್ಟೆ. ಬಟ್ಟಲು ತುಂಬಿಸಿ ಕೊಟ್ರೆ ಕುಡ್ಕೊಂಡು ಎದ್ದು ಹೋಗು ಅಂತ ಅಲ್ವಾ! ಎಲ್ಲರೂ ಬಾಯಿ ಮುಚ್ಕೊಂಡು ನನ್ನ ನೋಡಿದ್ರು. ನಾನು ನಿನ್ನ ನೋಡಿದೆ. ಅವತ್ತೇ ಕೊನೆ, ಆಮೇಲೆ ನೀನು ತಲೆ ಎತ್ತಿಲ್ಲ."

"ನಿಮಗೆ ಸಿಟ್ಟು ಬಂದಿತ್ತು, ಅತಾ."

"ಸಿಟ್ಟಾ? ಬಾಯಾರಿ ಸಾಯ್ತಿದ್ದೆ ಮಗಾ. ಈ ಮನೇಲಿ ಎಲ್ಲರೂ ಮರ್ಯಾದೆಗೆ ಅಂತ ಎರಡೆರಡು ಗುಟುಕು ಹಾಕಿ ಕೊಡ್ತಾರೆ. ಹೊಟ್ಟೆ ತುಂಬ ಟೀ ಕೊಟ್ಟೋಳು ನೀನೊಬ್ಬಳೇ, ಮಾರನೇ ದಿನದಿಂದ ನೀನೂ ಎರಡು ಗುಟುಕಿಗೆ ಇಳಿದೆ. ಹೇಳೋಣ ಅಂದ್ಕೊಂಡೆ. ಮಾವ ಆದೋನು ಅಂಥದ್ದೆಲ್ಲ ಹೇಳ್ತಾನಾ? ಸುಮ್ಮನಾದೆ." ಅವರು ಉಸಿರೆಳೆದುಕೊಂಡರು. "ಈಗ ಹೇಳ್ತಿದೀನಿ. ತಲೆ ಎತ್ತು. ನಾನೇ ಹೇಳಿದ ಮೇಲೆ ಯಾವ ದೋಷವೂ ಇಲ್ಲ."

ಬುರುಲ್ಚಾ ಕ್ಯಾಮೆರಾ ಹಚ್ಚಿ ತಲೆ ಎತ್ತಿದಳು. ಗುರಿಯ ಪುಟ್ಟ ಚೌಕವನ್ನು ಗಡ್ಡದಿಂದ ಮೇಲಕ್ಕೆ, ಮೂಗಿನ ಪಕ್ಕದಿಂದ ಮೇಲಕ್ಕೆ ತಂದಳು. ಮಾವನ ಕಣ್ಣು ಕಪ್ಪಲ್ಲ, ಹಸಿರು. ನೀರು ಕಡಿಮೆಯಾದ ಹೊಳೆಯ ಹಸಿರು. ಗಂಡನ ಕಣ್ಣೂ ಮಗಳ ಕಣ್ಣೂ ಹಸಿರು, ಅದು ಎಲ್ಲಿಂದ ಬಂತೆಂದು ಅವಳು ಇಷ್ಟು ವರ್ಷ ಕೇಳಿರಲೇ ಇಲ್ಲ. ಮತ್ತು ಆ ಕಣ್ಣಿನಲ್ಲಿ ಗದರಿಕೆ ಅನ್ನುವುದು ಹುಡುಕಿದರೂ ಸಿಗುವಂತಿರಲಿಲ್ಲ. ಅಲ್ಲಿದ್ದದ್ದು ನಗು, ಅದರ ಹಿಂದೆ ಒಂದಿಷ್ಟು ಹೆದರಿಕೆ, ನಾಳೆಯ ಹೆದರಿಕೆ. ಇಷ್ಟು ವರ್ಷ ತಾನು ಹೆದರಿದ ಮನುಷ್ಯನಿಗೂ ಹೆದರಿಕೆಯಾಗುತ್ತದೆ ಎಂದು ಕಂಡದ್ದೇ ಅವಳು ಚೌಕವನ್ನು ಅಲ್ಲೇ ನಿಲ್ಲಿಸಿದಳು. ನಾಲ್ಕೇ ಸಲ ಒತ್ತಿದಳು. ಸಾಕಾಯಿತು.

ಮಾರನೆಯ ದಿನ ಅವರು ಹೊರಟರು. ವ್ಯಾನು ಹತ್ತುವಾಗ ಶಾರಿಪಾ ಗದ್ದಲ ಮಾಡಿದಳು, ಸ್ವೆಟರು ಹಾಕಿಕೊಳ್ಳಿ ಎಂದು. ಆಮೇಲಿನ ಆರು ದಿನ ಬುರುಲ್ಚಾ ಅಂಗಡಿಯಲ್ಲಿ ಕೂತು ಎಷ್ಟು ಜನರ ಫೋಟೋ ತೆಗೆದಳೋ ನೆನಪಿಲ್ಲ. ಆ ನಾಲ್ಕು ಫೋಟೋಗಳನ್ನು ತೆರೆದು ನೋಡುವ ಧೈರ್ಯ ಮಾತ್ರ ಬರಲಿಲ್ಲ. ಏಳನೆಯ ದಿನ ಮಧ್ಯಾಹ್ನ ಗಂಡನ ಫೋನು ಬಂತು.

"ಮುಗೀತು. ಕವಾಟ ಹಾಕಿದ್ರು. ಎಚ್ಚರ ಆಗಿದೆ, ಆಗಲೇ ನರ್ಸಿಗೆ ಬೈತಿದಾರೆ."

"ಏನಂತ?"

"ಟೀ ಸಾಲದು ಅಂತ."

ಬುರುಲ್ಚಾ ರೊಟ್ಟಿ ಅಂಗಡಿಯವಳನ್ನು ಅಪ್ಪಿಕೊಂಡು ಅತ್ತಳು. ಅವಳೂ ಕಾರಣ ಕೇಳದೆ ಜೊತೆಗೆ ಅತ್ತಳು.

ಮೇ ತಿಂಗಳ ನಡುವೆ ಬೆಯ್ಶೆನ್ ಮನೆಗೆ ಬಂದರು. ಸೊರಗಿದ್ದರು, ಆದರೆ ಉಸಿರು ಸಲೀಸಾಗಿತ್ತು. ಎರಡು ದಿನ ಸುಧಾರಿಸಿಕೊಂಡು, ಮೂರನೆಯ ದಿನ ಫೋಟೋ ಕೇಳಿದರು. ಬುರುಲ್ಚಾ ದೊಡ್ಡದಾಗಿ ಅಚ್ಚು ಹಾಕಿಸಿದ್ದನ್ನು ತಂದು ಎರಡೂ ಕೈಯಲ್ಲಿ ಕೊಟ್ಟಳು. ಅವರು ಕನ್ನಡಕ ಏರಿಸಿ, ಕಿಟಕಿಯ ಕಡೆ ತಿರುಗಿಸಿ, ಬಹಳ ಹೊತ್ತು ನೋಡಿದರು.

"ಇದು ಕಲ್ಲಿಗೆ ಆಗಲ್ಲ" ಎಂದರು.

ಅವಳ ಮುಖ ಬಾಡಿತು. "ಯಾಕೆ, ಅತಾ? ಕಣ್ಣು ಸರಿಯಾಗಿ ಬಂದಿದೆಯಲ್ಲ?"

"ಬಂದಿದೆ, ಅದೇ ತೊಂದರೆ. ನೋಡಿಲ್ಲಿ, ಇವನು ಸತ್ತೋನ ಥರ ಕಾಣ್ತಾನಾ? ಇವನನ್ನ ಗೋರಿ ಮೇಲೆ ಕೂರಿಸಿದ್ರೆ ಬಂದೋರು ಅಳೋದು ಹೇಗೆ? ಗೋಡೆಗೆ ಹಾಕು. ಕಲ್ಲಿಗೆ ಇನ್ನೊಂದು ತೆಗೆಯೋಣ, ಆಮೇಲೆ ಯಾವಾಗಾದ್ರೂ. ನಂಗೇನೂ ಅವಸರ ಇಲ್ಲ."

ಬುರುಲ್ಚಾ ಅವರನ್ನೇ ನೋಡುತ್ತ ನಕ್ಕಳು. ಕಣ್ಣಲ್ಲಿ ನೀರು ಬಂತು, ತಲೆ ಮಾತ್ರ ತಗ್ಗಿಸಲಿಲ್ಲ.